ಒಂದನ್ನು ಮರೆಮಾಡಿ ಇನ್ನೊಂದನ್ನು ಕಾಣುವ ಲೆಕ್ಕ

ಬೂತಾಯಿ ಎರಡು ಕಿಲೋ, ಬಂಗುಡೆ ಮೂರು ಕಿಲೋ, ಒಟ್ಟು 980 ರೂಪಾಯಿ. ಉಪ್ಪಳ ಪೇಟೆಯಿಂದ ಮೀನು ತಂದವರು ಮನೆಯಲ್ಲಿ ಇಷ್ಟು ಮಾತ್ರ ಹೇಳಿದರು ಎಂದಿಟ್ಟುಕೊಳ್ಳೋಣ. ಬೆಲೆಗಳು ಇಲ್ಲಿ ಲೆಕ್ಕಕ್ಕಾಗಿ ಹಿಡಿದವು. ಕಿಲೋ ಬೂತಾಯಿಗೆ ಎಷ್ಟು, ಬಂಗುಡೆಗೆ ಎಷ್ಟು ಎಂದು ಯಾರಾದರೂ ಕೇಳಿದರೆ ಈ ಒಂದು ಮಾತಿನಿಂದ ಉತ್ತರ ಹೊರಡುವುದಿಲ್ಲ. ಬೂತಾಯಿಗೆ 100 ಆದರೆ ಬಂಗುಡೆಗೆ 260 ಆಗಬೇಕು. 130 ಆದರೆ 240. 190 ಆದರೆ 200. ಹೀಗೆ ಸರಿಹೊಂದುವ ಜೋಡಿಗಳಿಗೆ ಕೊನೆಯೇ ಇಲ್ಲ. ಆದರೆ ಅದೇ ದಿನ ಅದೇ ಅಂಗಡಿಯಿಂದ ನೆರೆಮನೆಯವರು ಬೂತಾಯಿ ಮೂರು ಕಿಲೋ, ಬಂಗುಡೆ ನಾಲ್ಕು ಕಿಲೋ ತಂದು 1360 ರೂಪಾಯಿ ಕೊಟ್ಟಿದ್ದಾರೆ ಎಂಬ ಇನ್ನೊಂದು ಮಾತು ಕಿವಿಗೆ ಬಿದ್ದರೆ, ಕೊನೆಯಿಲ್ಲದ ಆ ಸಾಲಿನಲ್ಲಿ ಒಂದೇ ಒಂದು ಜೋಡಿ ನಿಲ್ಲುತ್ತದೆ. ಉಳಿದವೆಲ್ಲ ಬಿದ್ದುಹೋಗುತ್ತವೆ. ನಿಂತ ಆ ಜೋಡಿಯನ್ನು ಊಹೆಗೆ ಬಿಡದೆ, ಖಚಿತವಾಗಿ, ನಾಲ್ಕೈದು ಸಾಲುಗಳಲ್ಲಿ ಹೊರತೆಗೆಯುವ ವಿದ್ಯೆಯೇ ಏಕಕಾಲಿಕ ಸಮೀಕರಣಗಳನ್ನು ಬಿಡಿಸುವುದು.

ಕೇರಳದ ಪಠ್ಯಕ್ರಮದಲ್ಲಿ ಈ ವಿದ್ಯೆ ಒಂಬತ್ತನೆಯ ತರಗತಿಯಲ್ಲಿ ಬರುತ್ತದೆ. ಉಪ್ಪಳ ಇಂದು ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಆಡಳಿತ ಕೇಂದ್ರ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಊರು. ಈ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಉಳಿದ ಮಕ್ಕಳು ಕಲಿಯುವ ಗಣಿತವನ್ನೇ ಕನ್ನಡದಲ್ಲಿ ಅಚ್ಚಾದ ಪುಸ್ತಕದಿಂದ ಕಲಿಯುತ್ತಾರೆ. ಮನೆಯಲ್ಲಿ ಆಡುವುದು ತುಳು ಇರಬಹುದು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಅಥವಾ ಉರ್ದು ಇರಬಹುದು. ಆ ಮಗು ಕನ್ನಡದ ವಾಕ್ಯವೊಂದನ್ನು ಓದಿ, ಅದರ ಅರ್ಥ ಹಿಡಿದು, ಅದನ್ನು ಸಂಖ್ಯೆ ಮತ್ತು ಅಕ್ಷರಗಳ ಇನ್ನೊಂದು ವಾಕ್ಯವಾಗಿ ಬರೆಯಬೇಕು. ಲೆಕ್ಕದ ಮೊದಲ ಕೆಲಸ ಇದು, ಮತ್ತು ನನ್ನ ಎಣಿಕೆಯಲ್ಲಿ ಅತ್ಯಂತ ಕಷ್ಟದ್ದೂ ಇದೇ.

‘ಅಣ್ಣನ ಪ್ರಾಯ ತಮ್ಮನ ಪ್ರಾಯದ ಎರಡರಷ್ಟಕ್ಕಿಂತ 3 ಕಡಿಮೆ’ ಎಂಬ ಮಾತನ್ನು ನೋಡಿ. ಓದಿದ ಕೂಡಲೇ ಕೈ ಮೂರನ್ನು ಎಲ್ಲಿ ಕಳೆಯಬೇಕೆಂದು ತಡವರಿಸುತ್ತದೆ. ಅಣ್ಣನಿಂದಲೋ, ತಮ್ಮನ ಎರಡರಷ್ಟರಿಂದಲೋ? ಕಡಿಮೆ ಇರುವುದು ಅಣ್ಣನ ಪ್ರಾಯ, ಹೆಚ್ಚಿರುವುದು ತಮ್ಮನ ಎರಡರಷ್ಟು. ಹೆಚ್ಚಿರುವ ಕಡೆಯಿಂದ ಮೂರನ್ನು ತೆಗೆದರೆ ಮಾತ್ರ ಎರಡೂ ಸಮ. ಅಂದರೆ ಅಣ್ಣ = 2 × ತಮ್ಮ − 3. ಈ ತಕ್ಕಡಿಯನ್ನು ಮನಸ್ಸಿನಲ್ಲಿ ಸರಿಯಾಗಿ ತೂಗಿದ ಮಗುವಿಗೆ ಮುಂದಿನ ದಾರಿ ಸಲೀಸು. ಇಬ್ಬರ ಪ್ರಾಯ ಕೂಡಿದರೆ 27 ಎಂದು ಹೇಳಿದರೆ ತಮ್ಮನಿಗೆ 10, ಅಣ್ಣನಿಗೆ 17 ಎಂದು ಎರಡು ಸಾಲಿನಲ್ಲಿ ಬರುತ್ತದೆ. ತೂಗುವಾಗ ತಪ್ಪಿದರೆ ಮುಂದಿನ ಹೆಜ್ಜೆಗಳೆಲ್ಲ ಸರಿಯಿದ್ದರೂ ಉತ್ತರ ತಪ್ಪು.

ಮೀನಿನ ಲೆಕ್ಕಕ್ಕೆ ಬರೋಣ. ಗೊತ್ತಿಲ್ಲದ ಎರಡು ಬೆಲೆಗಳಿಗೆ ಎರಡು ಗುರುತು ಬೇಕು. ಶಾಲೆಯಲ್ಲಿ ಎಕ್ಸ್, ವೈ ಎನ್ನುತ್ತಾರೆ. ಇವಕ್ಕೆ ಚರಾಕ್ಷರ ಎಂದು ಹೆಸರು. ನಮ್ಮ ಹಳೆಯ ಗಣಿತಜ್ಞರು ಬಣ್ಣಗಳ ಹೆಸರನ್ನು ಇಟ್ಟುಕೊಂಡಿದ್ದರು. ಮೊದಲನೆಯ ಅಜ್ಞಾತಕ್ಕೆ ‘ಯಾವತ್ತಾವತ್’, ಅಂದರೆ ‘ಎಷ್ಟೋ ಅಷ್ಟು’. ಆಮೇಲಿನವಕ್ಕೆ ಕಾಲಕ, ನೀಲಕ, ಪೀತಕ. ಬರೆಯುವಾಗ ಮೊದಲ ಅಕ್ಷರ ಸಾಕು: ಯಾ, ಕಾ, ನೀ, ಪೀ. ಆ ಪದ್ಧತಿಯಲ್ಲೇ ನಾವೂ ಬೂತಾಯಿಯ ಬೆಲೆಗೆ ‘ಬೂ’ ಎಂದೂ ಬಂಗುಡೆಯ ಬೆಲೆಗೆ ‘ಬಂ’ ಎಂದೂ ಬರೆಯೋಣ.

2ಬೂ + 3ಬಂ = 980
3ಬೂ + 4ಬಂ = 1360

ಅಕ್ಷರದ ಹಿಂದಿರುವ 2, 3, 4 ಸಹಗುಣಕಗಳು. ಸಾಲುಗಳನ್ನು ಒಂದರ ಕೆಳಗೊಂದು, ಬೂ ಕೆಳಗೆ ಬೂ, ಬಂ ಕೆಳಗೆ ಬಂ ಬರುವಂತೆ ಬರೆಯುವುದು ಅಂದಕ್ಕಲ್ಲ. ಮುಂದೆ ಮಾಡುವ ಕೆಲಸವೆಲ್ಲ ಕಂಬಸಾಲಿನಲ್ಲೇ ನಡೆಯುವುದರಿಂದ, ಒಂದು ಪದ ಪಕ್ಕಕ್ಕೆ ಸರಿದರೂ ಬೂತಾಯಿಯಿಂದ ಬಂಗುಡೆಯನ್ನು ಕಳೆದಂತಾಗುತ್ತದೆ.

ಅಡ್ಡಿ ಎಲ್ಲಿದೆ ಎಂದರೆ, ಪ್ರತಿ ಸಾಲಿನಲ್ಲೂ ಎರಡು ಗೊತ್ತಿಲ್ಲದವು ಹೆಣೆದುಕೊಂಡಿವೆ. ಒಂದೇ ಇದ್ದಿದ್ದರೆ ಭಾಗಿಸಿ ಮುಗಿಸಬಹುದಿತ್ತು. ಆದ್ದರಿಂದ ಒಂದನ್ನು ಮರೆಮಾಡಬೇಕು. ಆದರೆ ಸಾಲಿನ ಸತ್ಯಕ್ಕೆ ಧಕ್ಕೆ ಬಾರದ ಹಾಗೆ. ಇಲ್ಲಿ ನೆರವಿಗೆ ಬರುವುದು ಎಲ್ಲರಿಗೂ ಗೊತ್ತಿರುವ ಎರಡು ಸಂಗತಿಗಳು. ಇಡೀ ಖರೀದಿಯನ್ನು ಮೂರು ಪಟ್ಟು ಮಾಡಿದರೆ ಹಣವೂ ಮೂರು ಪಟ್ಟಾಗುತ್ತದೆ. ಒಂದು ಖರೀದಿಯಿಂದ ಇನ್ನೊಂದನ್ನು ಕಳೆದರೆ ಹಣದಲ್ಲೂ ಅಷ್ಟೇ ಕಳೆಯುತ್ತದೆ. ಇದಕ್ಕಿಂತ ಹೆಚ್ಚಿನ ತತ್ವ ಈ ವಿದ್ಯೆಯಲ್ಲಿಲ್ಲ. ಜಾಣತನವಿರುವುದು ಎಷ್ಟು ಪಟ್ಟು ಮಾಡಬೇಕು ಎಂಬ ಆಯ್ಕೆಯಲ್ಲಿ.

ಮೊದಲನೆಯ ಸಾಲಿನಲ್ಲಿ ಬೂತಾಯಿ 2 ಕಿಲೋ, ಎರಡನೆಯದರಲ್ಲಿ 3 ಕಿಲೋ. ಎರಡನ್ನೂ 6ಕ್ಕೆ ತರಬಹುದು. ಆರು ಎಂಬುದು 2 ಮತ್ತು 3ರ ಲ.ಸಾ.ಅ.; ಆರನೆಯ ತರಗತಿಯಲ್ಲಿ ಭಿನ್ನರಾಶಿ ಕೂಡಿಸಲು ಕಲಿತದ್ದು ಇಲ್ಲಿ ಬೇರೆ ವೇಷದಲ್ಲಿ ಬಂದಿದೆ. ಮೊದಲ ಸಾಲನ್ನು 3ರಿಂದ, ಎರಡನೆಯದನ್ನು 2ರಿಂದ ಗುಣಿಸಿದಾಗ:

6ಬೂ + 9ಬಂ = 2940
6ಬೂ + 8ಬಂ = 2720

ಈ ಎರಡು ಖರೀದಿಗಳು ಯಾರೂ ಮಾಡದವು. ಆರು ಕಿಲೋ ಬೂತಾಯಿಯನ್ನು ಈ ಕಥೆಯಲ್ಲಿ ಯಾರೂ ತಂದಿಲ್ಲ. ಆದರೂ ಮೊದಲಿನ ಎರಡು ಮಾತು ನಿಜವಾದರೆ ಇವೂ ನಿಜವೇ. ಈಗ ಮೇಲಿನದರಿಂದ ಕೆಳಗಿನದನ್ನು ಕಳೆದರೆ ಬೂತಾಯಿ ಪೂರ್ತಿ ಮಾಯ; 1 ಬಂ = 220. ಬಂಗುಡೆ ಕಿಲೋಗೆ 220 ರೂಪಾಯಿ. ಇದನ್ನು ಮೊದಲ ಸಾಲಿಗೆ ಮರಳಿ ಹಾಕಿದರೆ ಮೂರು ಕಿಲೋ ಬಂಗುಡೆಗೆ 660 ಹೋಗಿ 320 ಉಳಿಯುತ್ತದೆ. ಅದು ಎರಡು ಕಿಲೋ ಬೂತಾಯಿಯ ಹಣ. ಕಿಲೋಗೆ 160. ಕರ್ನಾಟಕದ ಪಠ್ಯದಲ್ಲಿ ಇದನ್ನು ವರ್ಜಿಸುವ ವಿಧಾನ ಎನ್ನುತ್ತಾರೆ.

ಕಳೆಯುವ ಹೊತ್ತಿನಲ್ಲಿ ಕೈ ಎಚ್ಚರದಿಂದಿರಬೇಕು. ಕೆಳಗಿನ ಸಾಲಿನ ಪ್ರತಿಯೊಂದು ಪದದ ಚಿಹ್ನೆಯೂ ಬದಲಾಗಬೇಕು. ಎಡಬದಿಯಲ್ಲಿ ಬದಲಿಸಿ ಬಲಬದಿಯಲ್ಲಿ ಮರೆತವರು ಎಷ್ಟೋ. ಅದಕ್ಕೇ ತಾಳೆ ನೋಡುವ ಹೆಜ್ಜೆ. ಇದರಲ್ಲೂ ಒಂದು ನಯವಿದೆ. ಬೂತಾಯಿಯ ಬೆಲೆಯನ್ನು ನಾವು ಮೊದಲ ಸಾಲಿನಿಂದ ತೆಗೆದೆವು. ಹಾಗಾಗಿ ಮೊದಲ ಸಾಲಿಗೆ ಹಾಕಿ ನೋಡಿದರೆ ಬಂಗುಡೆಯ ಬೆಲೆ ತಪ್ಪಿದ್ದರೂ ಅದು ಸರಿಯೆಂದೇ ಹೇಳುತ್ತದೆ. ತಾಳೆ ನೋಡಬೇಕಾದ್ದು ಎರಡನೆಯ ಸಾಲಿನಲ್ಲಿ: 3 × 160 = 480, 4 × 220 = 880, ಒಟ್ಟು 1360. ಸರಿ.

ಇನ್ನೊಂದು ದಾರಿ ಆದೇಶ ವಿಧಾನ. ಒಂದು ಸಾಲಿನಿಂದ ಒಂದು ಅಜ್ಞಾತವನ್ನು ಇನ್ನೊಂದರ ಮಾತಿನಲ್ಲಿ ಹೇಳಿ, ಅದನ್ನು ಇನ್ನೊಂದು ಸಾಲಿನಲ್ಲಿ ಅದರ ಜಾಗದಲ್ಲಿ ಕೂರಿಸುವುದು. ಮೀನಿನ ಲೆಕ್ಕಕ್ಕೆ ಇದನ್ನು ಹಚ್ಚಿದರೆ ಭಿನ್ನರಾಶಿ ಬಂದು ಕೈ ಕಟ್ಟುತ್ತದೆ. ಯಾವ ಲೆಕ್ಕಕ್ಕೆ ಯಾವ ದಾರಿ ಎಂಬುದನ್ನು ಕಣ್ಣಳತೆಯಲ್ಲಿ ತಿಳಿಯುವುದೂ ಅಭ್ಯಾಸದಿಂದ ಬರುವಂಥದ್ದು. ಆದೇಶ ವಿಧಾನ ಎಷ್ಟು ಸೊಗಸಾಗಬಲ್ಲದು ಎಂಬುದಕ್ಕೆ ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲಿ ಒಂದು ಲೆಕ್ಕವಿದೆ. ಒಬ್ಬ ತನ್ನ ಗೆಳೆಯನಿಗೆ, ನೀನು ನೂರು ಕೊಟ್ಟರೆ ನನ್ನ ಹಣ ನಿನ್ನದರ ಎರಡರಷ್ಟಾಗುತ್ತದೆ ಎನ್ನುತ್ತಾನೆ. ಗೆಳೆಯ, ನೀನು ಹತ್ತು ಕೊಟ್ಟರೆ ನನ್ನದು ನಿನ್ನದರ ಆರರಷ್ಟಾಗುತ್ತದೆ ಎನ್ನುತ್ತಾನೆ. ಇಬ್ಬರಲ್ಲಿ ಇದ್ದದ್ದೆಷ್ಟು?

ಭಾಸ್ಕರಾಚಾರ್ಯರು ಇಬ್ಬರಿಗೂ ಬೇರೆಬೇರೆ ಅಕ್ಷರ ಇಡುವುದೇ ಇಲ್ಲ. ಒಂದೇ ಅಜ್ಞಾತ ‘ಯಾ’ ತೆಗೆದುಕೊಂಡು, ಮೊದಲಿನವನ ಹಣ 2ಯಾ − 100, ಎರಡನೆಯವನದು ಯಾ + 100 ಎಂದುಬಿಡುತ್ತಾರೆ. ಒಂದು ಕ್ಷಣ ನಿಂತು ಇದನ್ನು ನೋಡಬೇಕು. ನೂರು ಕೈ ಬದಲಾದ ಕೂಡಲೇ ಮೊದಲಿನವನಲ್ಲಿ 2ಯಾ, ಎರಡನೆಯವನಲ್ಲಿ ಯಾ ಆಗುತ್ತದೆ. ಅಂದರೆ ಮೊದಲನೆಯ ಮಾತು ಹೆಸರಿಡುವಾಗಲೇ ನೆರವೇರಿತು. ಬಿಡಿಸಲು ಉಳಿದದ್ದು ಎರಡನೆಯ ಮಾತೊಂದೇ. ಮೊದಲಿನವನು ಹತ್ತು ಕೊಟ್ಟಾಗ ಅವನಲ್ಲಿ 2ಯಾ − 110, ಗೆಳೆಯನಲ್ಲಿ ಯಾ + 110. ಇದು ಅದರ ಆರರಷ್ಟು ಎಂದರೆ ಯಾ + 110 = 12ಯಾ − 660. ಆದ್ದರಿಂದ 11ಯಾ = 770, ಯಾ = 70. ಒಬ್ಬನಲ್ಲಿ 40, ಇನ್ನೊಬ್ಬನಲ್ಲಿ 170. ಕಾಗದದ ಮೇಲೆ ಮಾಡಬೇಕಾದ ಅರ್ಧ ಕೆಲಸವನ್ನು ಅವರು ಹೆಸರಿಡುವ ಹೊತ್ತಿಗೇ ಮನಸ್ಸಿನಲ್ಲಿ ಮುಗಿಸಿದ್ದಾರೆ.

ಭಾಸ್ಕರಾಚಾರ್ಯರಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆ ಕನ್ನಡ ನಾಡಿನಲ್ಲೇ ಈ ವಿದ್ಯೆ ಚೆನ್ನಾಗಿ ಬೆಳೆದಿತ್ತು. ಕ್ರಿ.ಶ. 850ರ ಆಸುಪಾಸಿನಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಗ್ರಂಥದ ಆರಂಭದಲ್ಲಿ ಅವರು ಸ್ತುತಿಸುವ ದೊರೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಗ್ರಂಥದ ಮಿಶ್ರಕ ವ್ಯವಹಾರ ಎಂಬ ಭಾಗದಲ್ಲಿ ಹಣ್ಣಿನ ಲೆಕ್ಕವೊಂದು ಬರುತ್ತದೆ. ಒಂಬತ್ತು ಮಾದಲ ಹಣ್ಣು, ಏಳು ಬೇಲದ ಹಣ್ಣು ಸೇರಿ ಬೆಲೆ 107. ಏಳು ಮಾದಲ, ಒಂಬತ್ತು ಬೇಲ ಸೇರಿ 101. ಬಿಡಿ ಹಣ್ಣಿನ ಬೆಲೆಯೆಷ್ಟು? ಮಾದಲ ನಿಂಬೆಯ ಜಾತಿಯ ದೊಡ್ಡ ಹಣ್ಣು. ಬೇಲ ಗಟ್ಟಿ ಚಿಪ್ಪಿನ, ಒಳಗೆ ಹುಳಿಸಿಹಿ ತಿರುಳಿನ ಪರಿಮಳದ ಹಣ್ಣು.

ಮಹಾವೀರಾಚಾರ್ಯರು ಕೊಡುವ ಸೂತ್ರ ನೇರ. ದೊಡ್ಡ ಸಂಖ್ಯೆಯಿಂದ ದೊಡ್ಡ ಬೆಲೆಯನ್ನು ಗುಣಿಸಿ: 9 × 107 = 963. ಚಿಕ್ಕ ಸಂಖ್ಯೆಯಿಂದ ಚಿಕ್ಕ ಬೆಲೆಯನ್ನು ಗುಣಿಸಿ: 7 × 101 = 707. ವ್ಯತ್ಯಾಸ 256. ಎರಡು ಸಂಖ್ಯೆಗಳ ವರ್ಗಗಳ ವ್ಯತ್ಯಾಸ, 81 − 49 = 32, ಇದರಿಂದ ಭಾಗಿಸಿದರೆ 8. ಅದು ಮಾದಲದ ಬೆಲೆ. ಗುಣಿಸುವ ಸಂಖ್ಯೆಗಳನ್ನು ಅದಲುಬದಲು ಮಾಡಿದರೆ 909 − 749 = 160; ಇದನ್ನು 32ರಿಂದ ಭಾಗಿಸಿದರೆ ಬೇಲಕ್ಕೆ 5.

ಸೂತ್ರ ಗೊತ್ತಿಲ್ಲದಿದ್ದರೂ ಈ ಲೆಕ್ಕವನ್ನು ಬಾಯಲ್ಲೇ ಬಿಡಿಸಬಹುದು. ಎರಡೂ ಖರೀದಿಗಳನ್ನು ಕೂಡಿಸಿದರೆ ಹದಿನಾರು ಮಾದಲ, ಹದಿನಾರು ಬೇಲ, ಬೆಲೆ 208. ಹಾಗಾದರೆ ಒಂದು ಮಾದಲ, ಒಂದು ಬೇಲ ಸೇರಿ 13. ಒಂದರಿಂದ ಇನ್ನೊಂದನ್ನು ಕಳೆದರೆ ಎರಡು ಮಾದಲದ ಬೆಲೆ ಎರಡು ಬೇಲದ ಬೆಲೆಗಿಂತ 6 ಹೆಚ್ಚು; ಒಂದಕ್ಕೆ 3 ಹೆಚ್ಚು. ಮೊತ್ತ 13, ವ್ಯತ್ಯಾಸ 3. ಮೊತ್ತ ಮತ್ತು ವ್ಯತ್ಯಾಸ ಗೊತ್ತಾದ ಮೇಲೆ ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ದೊಡ್ಡದು, ಕಳೆದು ಅರ್ಧ ಮಾಡಿದರೆ ಚಿಕ್ಕದು. ಇಷ್ಟಕ್ಕೇ ನಮ್ಮ ಪ್ರಾಚೀನರು ಒಂದು ಹೆಸರಿಟ್ಟಿದ್ದರು: ಸಂಕ್ರಮಣ.

ಈ ಗ್ರಂಥ ನಮ್ಮ ಕೈಸೇರಿದ ದಾರಿಯಲ್ಲಿ ಉಪ್ಪಳದ ಸುತ್ತಣ ಸೀಮೆಗೂ ಪಾಲಿದೆ. ಎಂ. ರಂಗಾಚಾರ್ಯರು 1912ರಲ್ಲಿ ಮದ್ರಾಸಿನಿಂದ ಇಂಗ್ಲಿಷ್ ಅನುವಾದದೊಂದಿಗೆ ಇದನ್ನು ಪ್ರಕಟಿಸಿದಾಗ, ಹೋಲಿಸಿ ನೋಡಿದ ಪ್ರತಿಗಳಲ್ಲಿ ಒಂದರ ಮೂಲ ಮೂಡಬಿದಿರೆಯ ಜೈನ ಮಠದಲ್ಲಿದ್ದ ಕನ್ನಡ ಲಿಪಿಯ ಓಲೆಗರಿ. ಆಗ ಮೂಡಬಿದಿರೆಯೂ ಉಪ್ಪಳವೂ ಒಂದೇ ಜಿಲ್ಲೆ. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂತು. ಇನ್ನು ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯ ಹನ್ನೆರಡನೆಯ ಶತಮಾನದವನು. ಅವನ ‘ವ್ಯವಹಾರಗಣಿತ’ ಹೆಸರೇ ಹೇಳುವಂತೆ ಪೇಟೆ ಮತ್ತು ಹೊಲದ ಲೆಕ್ಕಗಳ ಪುಸ್ತಕ.

ಸಮೀಕರಣಗಳನ್ನು ಕಣ್ಣಿಗೆ ಕಾಣುವಂತೆ ಮಾಡುವ ದಾರಿಯೂ ಇದೆ, ನಕ್ಷೆ. ಚೌಕುಳಿ ಕಾಗದದಲ್ಲಿ ಅಡ್ಡಗೆರೆಯ ಮೇಲೆ ಬೂತಾಯಿಯ ಬೆಲೆ, ಉದ್ದಗೆರೆಯ ಮೇಲೆ ಬಂಗುಡೆಯ ಬೆಲೆ ಗುರುತಿಸುತ್ತಾರೆ. ಮೊದಲ ಮಾತಿಗೆ ಹೊಂದುವ ಜೋಡಿಗಳನ್ನು, 100–260, 130–240, 190–200 ಎಂದು ಚುಕ್ಕಿ ಇಟ್ಟರೆ ಚುಕ್ಕಿಗಳೆಲ್ಲ ಒಂದೇ ನೇರಗೆರೆಯಲ್ಲಿ ಸಾಲುಗಟ್ಟುತ್ತವೆ. ರೇಖಾತ್ಮಕ ಸಮೀಕರಣ ಎಂಬ ಹೆಸರು ಅದರಿಂದಲೇ. ಎರಡನೆಯ ಮಾತಿಗೆ ಇನ್ನೊಂದು ಗೆರೆ. ಎರಡೂ ಕೂಡುವ ಚುಕ್ಕಿ, 160–220, ಎರಡೂ ಮಾತಿಗೆ ಒಪ್ಪುವ ಏಕೈಕ ಜೋಡಿ. ಉಪ್ಪಳದ ಮೂಲಕ ಹಾದುಹೋಗುವ ಮಂಗಳೂರು–ಶೊರನೂರು ಹಳಿಯ ಮೇಲೂ ಇದೇ ವಿದ್ಯೆ ನಡೆಯುತ್ತದೆ. ರೈಲ್ವೆಯವರು ವೇಳಾಪಟ್ಟಿಯನ್ನು ಕಾಲ ಮತ್ತು ದೂರದ ನಕ್ಷೆಯಾಗಿ ಬರೆದುಕೊಳ್ಳುತ್ತಾರೆ. ಒಂದೇ ವೇಗದಲ್ಲಿ ಸಾಗುವ ಗಾಡಿ ಅಲ್ಲಿ ಒಂದು ಓರೆಗೆರೆ. ಎದುರಿನಿಂದ ಬರುವ ಗಾಡಿ ಇನ್ನೊಂದು ಕಡೆಗೆ ಬಾಗಿದ ಗೆರೆ. ಗೆರೆಗಳು ಸೇರುವ ಚುಕ್ಕಿಯನ್ನು ನೋಡಿದರೆ ಗಾಡಿಗಳು ಎಷ್ಟು ಹೊತ್ತಿಗೆ, ಎಲ್ಲಿ ಎದುರಾಗುತ್ತವೆ ಎಂಬುದು ಒಟ್ಟಿಗೇ ಸಿಗುತ್ತದೆ.

ಗೆರೆಗಳು ಸೇರದೆಯೂ ಇರಬಹುದು. ನೆರೆಮನೆಯವರು ಬೂತಾಯಿ 4 ಕಿಲೋ, ಬಂಗುಡೆ 6 ಕಿಲೋ ತಂದು 1960 ಕೊಟ್ಟಿದ್ದರೆ ಅದು ಮೊದಲ ಖರೀದಿಯ ಇಮ್ಮಡಿ ಮಾತ್ರ. ಹೊಸ ಸುದ್ದಿಯೇನೂ ಅದರಲ್ಲಿಲ್ಲ. ನಕ್ಷೆಯಲ್ಲಿ ಎರಡೂ ಒಂದೇ ಗೆರೆ, ಪರಿಹಾರಗಳು ಲೆಕ್ಕವಿಲ್ಲದಷ್ಟು. ಅದೇ ಮೀನಿಗೆ ಅವರು 2000 ಕೊಟ್ಟಿದ್ದರೆ ಎರಡು ಮಾತೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಗೆರೆಗಳು ಸಮಾಂತರ, ಪರಿಹಾರ ಇಲ್ಲ. ಇದನ್ನು ಮೊದಲೇ ತಿಳಿಯಲು ಓರೆಯಾಗಿ ಗುಣಿಸಿ ಕಳೆಯುತ್ತಾರೆ: 2 × 6 − 3 × 4 = 0. ಸೊನ್ನೆ ಬಂದರೆ ಒಂದೇ ಉತ್ತರ ಸಿಗುವ ಭರವಸೆಯಿಲ್ಲ. ಈ ಸಂಖ್ಯೆಗೆ ನಿರ್ಧಾರಕ ಎಂದು ಹೆಸರು. ಮಹಾವೀರಾಚಾರ್ಯರ 81 − 49 ಆ ಹಣ್ಣಿನ ಲೆಕ್ಕದ ನಿರ್ಧಾರಕವೇ ಆಗಿತ್ತು.

ನಿರ್ಧಾರಕ ಇನ್ನೂ ಒಂದು ಸಂಗತಿಯನ್ನು ಹೇಳುತ್ತದೆ. ಪಠ್ಯಪುಸ್ತಕಗಳು ಇದರ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನಿಲ್ಲಬೇಕೆಂದು ನನ್ನ ಆಸೆ. ನಮ್ಮ ಮೀನಿನ ಲೆಕ್ಕದಲ್ಲಿ ಅದು 2 × 4 − 3 × 3, ಅಂದರೆ −1. ಸೊನ್ನೆಗೆ ತೀರ ಹತ್ತಿರ. ಮೊದಲ ಮೊತ್ತ 980 ಎನ್ನುವ ಬದಲು ಯಾರೋ ನೆನಪಿನಿಂದ 985 ಎಂದರು ಅಂದುಕೊಳ್ಳಿ. ಐದೇ ರೂಪಾಯಿ ವ್ಯತ್ಯಾಸ. ಲೆಕ್ಕ ಮಾಡಿದರೆ ಬಂಗುಡೆ 235, ಬೂತಾಯಿ 140! ಒಂದು 15 ಏರಿತು, ಇನ್ನೊಂದು 20 ಇಳಿಯಿತು. ಈಗ ನೆರೆಮನೆಯವರು ಬೂತಾಯಿ 3 ಕಿಲೋ, ಬಂಗುಡೆ 2 ಕಿಲೋ ತಂದು 920 ಕೊಟ್ಟಿದ್ದರು ಎಂದು ಹಿಡಿಯೋಣ. ನಿಜವಾದ ಬೆಲೆಗಳು ಅವೇ, 160 ಮತ್ತು 220; ಆದರೆ ನಿರ್ಧಾರಕ 2 × 2 − 3 × 3 = −5. ಇಲ್ಲೂ ಮೊದಲ ಮೊತ್ತವನ್ನು 985 ಎಂದು ತಪ್ಪಾಗಿ ಹೇಳಿದರೆ ಬಂಗುಡೆ 223, ಬೂತಾಯಿ 158. ತಪ್ಪು ಅಷ್ಟೇ, ಅದರ ಪೆಟ್ಟು ಮಾತ್ರ ಎಷ್ಟೋ ಕಡಿಮೆ. ನಕ್ಷೆಯಲ್ಲಿ ಕಾರಣ ಕಾಣುತ್ತದೆ. ಬೂತಾಯಿಗೆ 100 ಎಂದಿರುವಲ್ಲಿ ಮೊದಲಿನ ಎರಡು ಗೆರೆಗಳ ನಡುವಿನ ಅಂತರ ಕೇವಲ 5 ರೂಪಾಯಿ. ಅವು ಹೆಚ್ಚುಕಡಿಮೆ ಒಂದರ ಮೇಲೊಂದು ಮಲಗಿ ನಿಧಾನವಾಗಿ ಕೂಡುವ ಗೆರೆಗಳು. ಒಂದನ್ನು ಕೂದಲೆಳೆಯಷ್ಟು ಸರಿಸಿದರೂ ಕೂಡುವ ಚುಕ್ಕಿ ದೂರ ಜಾರುತ್ತದೆ. ಬದಲಾದ ಖರೀದಿಯಲ್ಲಿ ಅದೇ ಜಾಗದಲ್ಲಿ ಅಂತರ 50. ಗೆರೆಗಳು ಒಂದನ್ನೊಂದು ನಿಚ್ಚಳವಾಗಿ ಕತ್ತರಿಸುತ್ತವೆ. ಅಳತೆ ಮಾಡುವವರು, ಅವರು ಸರ್ವೆಯವರಾಗಲಿ ಪ್ರಯೋಗಾಲಯದವರಾಗಲಿ, ಎರಡನೆಯ ಅಳತೆಯನ್ನು ಮೊದಲಿನದಕ್ಕಿಂತ ಆದಷ್ಟು ಬೇರೆಯಾಗಿರುವಂತೆ ಆರಿಸುವುದು ಇದೇ ಕಾರಣಕ್ಕೆ.

ಅಜ್ಞಾತಗಳು ಹೆಚ್ಚಿದರೂ ಕ್ರಮ ಬದಲಾಗುವುದಿಲ್ಲ. ಚೀನಾದ ‘ಒಂಬತ್ತು ಅಧ್ಯಾಯಗಳು’ ಎಂಬ ಪುರಾತನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಮೂರು ದರ್ಜೆಯ ಧಾನ್ಯದ ಕಟ್ಟುಗಳ ಲೆಕ್ಕವಿದೆ. ಅಕ್ಷರಗಳನ್ನು ಬಳಸದೆ, ಹಲಗೆಯ ಮೇಲೆ ಎಣಿಕೆಯ ಕಡ್ಡಿಗಳನ್ನು ಕಂಬಸಾಲಾಗಿ ಜೋಡಿಸಿ, ಗುಣಿಸಿ ಕಳೆದು ಅವರು ಅದನ್ನು ಬಿಡಿಸುತ್ತಿದ್ದರು. ಕ್ರಿ.ಶ. 263ರಲ್ಲಿ ಅದಕ್ಕೆ ವ್ಯಾಖ್ಯಾನ ಬರೆದ ಲಿಯು ಹುಯಿ ಧನ ಸಂಖ್ಯೆಗೆ ಕೆಂಪು ಕಡ್ಡಿ, ಋಣ ಸಂಖ್ಯೆಗೆ ಕಪ್ಪು ಕಡ್ಡಿ ಎಂದು ವಿವರಿಸುತ್ತಾನೆ. ಯೂರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಗೌಸ್ ಆಕಾಶಕಾಯಗಳ ಪಥ ಲೆಕ್ಕಹಾಕಲು ಇದೇ ಬಗೆಯ ವರ್ಜನೆಯನ್ನು ಬಳಸಿದ್ದರಿಂದ ಇಂದು ಅದು ಅವನ ಹೆಸರಿನಲ್ಲಿದೆ. ಇಂದಿನ ಕಂಪ್ಯೂಟರುಗಳು ಸಾವಿರಾರು ಅಜ್ಞಾತಗಳನ್ನು ಬಿಡಿಸುವಾಗಲೂ ಬಹಳ ಕಡೆ ಅನುಸರಿಸುವುದು ಇದೇ ಕ್ರಮವನ್ನು.

ಮೀನಿನ ಲೆಕ್ಕಕ್ಕೇ ಕಾಣೆ ಮೀನೂ ಸೇರಿತು ಎನ್ನಿ. ಈಗ ಮೂರು ಬೆಲೆ ಗೊತ್ತಿಲ್ಲ. ಎರಡು ಮನೆಯ ಖರೀದಿ ಸಾಲದು, ಮೂರನೆಯ ಮನೆಯದೂ ಬೇಕು. ಮೊದಲ ಸಾಲನ್ನು ತಕ್ಕಷ್ಟು ಗುಣಿಸಿ ಎರಡನೆಯದರಿಂದ ಕಳೆದು ಬೂತಾಯಿಯನ್ನು ತೆಗೆಯಬೇಕು, ಮೂರನೆಯದರಿಂದಲೂ ಹಾಗೆಯೇ. ಉಳಿಯುವುದು ಬಂಗುಡೆ ಮತ್ತು ಕಾಣೆಯ ಎರಡು ಸಾಲುಗಳು. ಅವನ್ನು ಬಿಡಿಸುವ ಬಗೆಯನ್ನು ಒಂಬತ್ತನೆಯ ತರಗತಿಯ ಮಗು ಆಗಲೇ ಕಲಿತಿದೆ.